ಪುಟ್ಟ ತಲೆ, ದೊಡ್ಡ ನೋವು

ಮಗುವಿನ ಮಿದುಳಿನಲ್ಲಿ ಗಡ್ಡೆ ಇದೆ ಎಂದು ತಿಳಿದ ದಿನದಿಂದ ಆ ಕಾಯಿಲೆ ಮನೆಯವರೆಲ್ಲರದೂ ಆಗುತ್ತದೆ. ಅಪ್ಪ, ಅವ್ವ, ಅಜ್ಜಿ, ಒಡಹುಟ್ಟಿದವರು, ಕೊನೆಗೆ ಶಾಲೆಯ ತರಗತಿ ಕೂಡ ಅದರಲ್ಲಿ ಪಾಲುದಾರರು. ಬೇಗ ಗುರುತಿಸಿದರೆ, ಚಿಕಿತ್ಸೆಯನ್ನು ನಡುವೆ ಬಿಡದಿದ್ದರೆ, ಇಂಥ ಮಕ್ಕಳಲ್ಲಿ ಅನೇಕರು ಮತ್ತೆ ಪಾಟಿಚೀಲ ಹೆಗಲಿಗೇರಿಸುತ್ತಾರೆ.

ಮಕ್ಕಳು ತಲೆನೋವೆಂದು ಗೊಣಗುವುದು, ಒಂದೆರಡು ಸಲ ವಾಂತಿ ಮಾಡಿಕೊಳ್ಳುವುದು ಯಾವ ಮನೆಯಲ್ಲಿಲ್ಲ? ಜಾತ್ರೆಯಲ್ಲಿ ತಿಂದ ಮಿಠಾಯಿ, ಬಿಸಿಲಿನಲ್ಲಿ ಆಡಿದ ಆಟ, ಶಾಲೆಗೆ ಹೋಗಲು ಬೇಸರ, ಹೀಗೆ ಕಾರಣಗಳು ನೂರು. ನೂರರಲ್ಲಿ ತೊಂಬತ್ತೊಂಬತ್ತು ಸಲ ಆ ಕಾರಣಗಳೇ ನಿಜ. ಆದ್ದರಿಂದಲೇ ಉಳಿದ ಒಂದನ್ನು ಗುರುತಿಸುವುದು ಕಷ್ಟ.

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ರಾಮಥಾಳ ಕಪ್ಪು ಮಣ್ಣಿನ ಊರು. ಕೃಷ್ಣೆಯ ನೀರನ್ನು ಸುಮಾರು 24,000 ಹೆಕ್ಟೇರಿಗೆ ಕೊಳವೆಯಲ್ಲಿ ಹಂಚುವ ಹನಿ ನೀರಾವರಿ ಯೋಜನೆಯಿಂದ ಅದರ ಹೆಸರು ದೂರದವರೆಗೂ ಕೇಳಿಬಂತು. ಅಂಥದೊಂದು ಊರಿನಲ್ಲಿ ಎರಡನೇ ಇಯತ್ತೆ ಓದುವ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಬೆಳಗಾಗೆದ್ದು ‘ಯವ್ವಾ, ತಲಿ ಭಾಳ ನೋಯತೈತಿ’ ಎನ್ನುತ್ತದೆ. ವಾಂತಿಯಾಗುತ್ತದೆ. ಆದ ಮೇಲೆ ಹಗುರವಾಗಿ ರೊಟ್ಟಿ ತಿಂದು ಆಡಲು ಓಡುತ್ತದೆ. ‘ಪಿತ್ತ ಆಗೈತಿ’ ಎನ್ನುತ್ತಾಳೆ ಅಜ್ಜಿ. ‘ಜಂತುಹುಳ ಇರಬೇಕು’ ಎನ್ನುತ್ತಾರೆ ನೆರೆಯವರು. ‘ಕಣ್ಣು ಬಿದ್ದೈತಿ’ ಎಂದು ಯಾರೋ ನಿವಾಳಿಸುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ನಗುತ್ತಿರುವ ಮಗುವನ್ನು ನೋಡಿ ಆಸ್ಪತ್ರೆಗೆ ಹೋಗಬೇಕೆಂದು ಯಾರಿಗಾದರೂ ಹೇಗೆ ತೋಚೀತು?

ಬೆಳಗಿನ ನೋವಿನ ಗುಟ್ಟು

ಈ ಬೆಳಗಿನ ತಲೆನೋವಿಗೊಂದು ಕಾರಣವಿದೆ. ಮಿದುಳಿನ ಒಳಗೆ ಕುಹರಗಳೆಂಬ ಟೊಳ್ಳು ಕೋಣೆಗಳಿವೆ. ಅವುಗಳಲ್ಲಿ ನೀರಿನಂಥ ತಿಳಿದ್ರವ ಸದಾ ಉತ್ಪತ್ತಿಯಾಗುತ್ತದೆ. ದೊಡ್ಡವರಲ್ಲಿ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರು. ಅದು ಕಿರಿದಾದ ದಾರಿಗಳಲ್ಲಿ ಹರಿದು, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದು, ಮತ್ತೆ ರಕ್ತಕ್ಕೆ ಸೇರುತ್ತದೆ. ಮಕ್ಕಳ ಮಿದುಳಿನ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ತಲೆಯ ಹಿಂಭಾಗದಲ್ಲಿ, ಕಿರುಮಿದುಳು ಮತ್ತು ಅದರ ಆಸುಪಾಸಿನಲ್ಲಿ ಬೆಳೆಯುತ್ತವೆ. ಈ ದ್ರವ ಹೊರಹೋಗುವ ದಾರಿಯೂ ಅಲ್ಲೇ ಇದೆ. ಕಾಲುವೆಗೆ ಕಲ್ಲು ಬಿದ್ದರೆ ನೀರು ಹಿಂದಕ್ಕೆ ನಿಲ್ಲುವ ಹಾಗೆ ದ್ರವ ಕಟ್ಟಿಕೊಂಡು ತಲೆಯೊಳಗಿನ ಒತ್ತಡ ಏರುತ್ತದೆ. ರಾತ್ರಿ ಮಲಗಿದಾಗ ಅದು ಇನ್ನಷ್ಟು ಹೆಚ್ಚಿ, ಎದ್ದು ಓಡಾಡಿದ ಮೇಲೆ ತುಸು ಇಳಿಯುತ್ತದೆ. ಬೆಳಗಿನ ನೋವು, ವಾಂತಿ, ಆಮೇಲಿನ ನಿರಾಳ ಇವು ಮೂರಕ್ಕೂ ಇದೇ ಮೂಲ.

ಕಿರುಮಿದುಳು ನಡಿಗೆಯ ಸಮತೋಲ ಕಾಯುವ ಅಂಗ. ಅಲ್ಲಿ ತೊಂದರೆಯಾದಾಗ ಮಗು ಅಗಲಗಾಲು ಹಾಕಿ ತೂರಾಡುತ್ತ ನಡೆಯುತ್ತದೆ. ನೀರಿನ ಲೋಟ ತುಟಿಗೆ ಒಯ್ಯುವಾಗ ಕೈ ನಡುಗುತ್ತದೆ. ಅಕ್ಷರ ಕೆಡುತ್ತದೆ. ಮೆಳ್ಳೆಗಣ್ಣು ಹೊಸದಾಗಿ ಕಾಣಿಸಬಹುದು. ಒಂದು ವಸ್ತು ಎರಡಾಗಿ ಕಾಣುವುದನ್ನು ತಪ್ಪಿಸಿಕೊಳ್ಳಲು ಕೆಲವು ಮಕ್ಕಳು ತಲೆಯನ್ನು ಒಂದು ಕಡೆಗೆ ವಾಲಿಸಿಯೇ ಇರುತ್ತಾರೆ. ಮನೆಯವರಿಗಿಂತ ಮೊದಲು ಇವನ್ನು ಕಾಣುವವರು ಅನೇಕ ಸಲ ಶಾಲೆಯ ಮಾಸ್ತರು, ಅಕ್ಕೋರು. ‘ಶಾಣ್ಯಾ ಹುಡುಗ, ಈಗೀಗ ಬೋರ್ಡಿನ ಮೇಲಿನದು ಬರೆಯುತ್ತಿಲ್ಲ’ ಎಂದು ಅನಿಸಿದಾಗ ಬೈಯುವ ಮುನ್ನ ತಂದೆತಾಯಿಯನ್ನು ಕರೆಸಿ ಮಾತಾಡುವುದು ಒಳ್ಳೆಯದು.

ಇಂಗ್ಲೆಂಡಿನಂಥ ಮುಂದುವರಿದ ದೇಶದಲ್ಲೂ ಮೊದಲ ಲಕ್ಷಣ ಕಂಡ ದಿನದಿಂದ ರೋಗ ಪತ್ತೆಯಾಗುವ ದಿನಕ್ಕೆ ಸರಾಸರಿ 14 ವಾರಗಳು ಹಿಡಿಯುತ್ತಿದ್ದವು. 2011ರಲ್ಲಿ ಅಲ್ಲಿ ‘ಹೆಡ್‌ಸ್ಮಾರ್ಟ್’ ಎಂಬ ಪ್ರಚಾರ ಆಂದೋಲನ ಆರಂಭವಾಯಿತು. ಲಕ್ಷಣಗಳನ್ನು ಪಟ್ಟಿ ಮಾಡಿದ ಪುಟ್ಟ ಚೀಟಿಗಳನ್ನು ಪಾಲಕರಿಗೆ, ಶಾಲೆಗಳಿಗೆ, ವೈದ್ಯರಿಗೆ ಹಂಚಲಾಯಿತು. ಕೆಲವೇ ವರ್ಷಗಳಲ್ಲಿ ಆ ಅವಧಿ 7 ವಾರಗಳಿಗಿಂತ ಕೆಳಗಿಳಿಯಿತು. ಹೊಸ ಯಂತ್ರವಲ್ಲ, ಹೊಸ ಔಷಧವಲ್ಲ, ಬರಿಯ ತಿಳಿವಳಿಕೆ ಮಾಡಿದ ಕೆಲಸವಿದು.

ಯಾರ ತಪ್ಪು?

ರೋಗ ತಿಳಿದ ರಾತ್ರಿ ಪ್ರತಿ ತಾಯಿಯೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ನಾನೇನು ತಪ್ಪು ಮಾಡಿದೆ?’ ಬಸುರಿಯಾಗಿದ್ದಾಗ ತಿಂದದ್ದೇ, ಗ್ರಹಣ ನೋಡಿದ್ದೇ, ಮಗು ತೊಟ್ಟಿಲಿನಿಂದ ಬಿದ್ದದ್ದೇ? ವೈದ್ಯಶಾಸ್ತ್ರದ ಉತ್ತರ ಸ್ಪಷ್ಟ. ಇವಾವುದೂ ಕಾರಣವಲ್ಲ. ಬೆಳೆಯುತ್ತಿರುವ ಮಿದುಳಿನ ಜೀವಕೋಶಗಳು ವಿಭಜನೆಯಾಗುವಾಗ ಆಕಸ್ಮಿಕವಾಗಿ ಆಗುವ ತಪ್ಪುಗಳಿಂದ ಬಹುಪಾಲು ಗಡ್ಡೆಗಳು ಹುಟ್ಟುತ್ತವೆ. ವಂಶವಾಹಿ ದೋಷದಿಂದ ಬರುವವು ಕಡಿಮೆ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವಂತೂ ಅಲ್ಲ. ಆದ್ದರಿಂದ ಸೊಸೆಯ ಕಾಲ್ಗುಣವನ್ನು ದೂರುವ, ಮಗುವಿನ ಗಂಗಾಳ, ಲೋಟಗಳನ್ನು ಬೇರೆ ಇಡುವ ಮನೆಗಳು ನೊಂದವರನ್ನು ಇನ್ನಷ್ಟು ನೋಯಿಸುತ್ತವೆ, ಅಷ್ಟೇ.

ಕೂಡಲಸಂಗಮಕ್ಕೋ ಬನಶಂಕರಿಗೋ ಹರಕೆ ಹೊರುವುದು ಅವರವರ ನಂಬಿಕೆಗೆ ಬಿಟ್ಟದ್ದು. ಕಂಗಾಲಾದ ಮನೆಗೆ ಅದರಿಂದ ಧೈರ್ಯವೂ ಬಂದೀತು. ಆದರೆ ಹರಕೆ ತೀರುವ ತನಕ ಪರೀಕ್ಷೆಯನ್ನು ಮುಂದೂಡುವುದು ಸಲ್ಲದು. ಕಟ್ಟಿಕೊಂಡ ದ್ರವದ ಒತ್ತಡ ದೃಷ್ಟಿಯ ನರವನ್ನು ಹಾಳುಗೆಡವಿದರೆ ಹೋದ ಕಣ್ಣು ಮರಳುವುದು ದುರ್ಲಭ.

ಸ್ಕ್ಯಾನಿನಲ್ಲಿ ಕಂಡ ಗಂಟೆಲ್ಲ ಕ್ಯಾನ್ಸರ್ ಅಲ್ಲ ಎಂಬುದೂ ತಿಳಿದಿರಲಿ. ನಮ್ಮ ದೇಶದಲ್ಲಿ ಕ್ಷಯರೋಗದ ಗಂಟು, ಲಾಡಿಹುಳುವಿನ ಮರಿಗಳ ಚೀಲ ಇವೂ ಮಕ್ಕಳ ಮಿದುಳಿನಲ್ಲಿ ಕಾಣಿಸುತ್ತವೆ. ಇವು ಸಾಮಾನ್ಯವಾಗಿ ಔಷಧದಿಂದಲೇ ಗುಣವಾಗುತ್ತವೆ. ಆದ್ದರಿಂದ ಮೊದಲ ವರದಿ ಕೈಗೆ ಬಂದ ಕೂಡಲೆ ಎದೆಯೊಡೆದುಕೊಳ್ಳುವ ಅಗತ್ಯವಿಲ್ಲ.

ಹುನಗುಂದದಿಂದ ಬೆಂಗಳೂರಿಗೆ

ಮೊದಲ ಹೆಜ್ಜೆ ದೊಡ್ಡ ನಗರದಲ್ಲೇ ಇಡಬೇಕೆಂದಿಲ್ಲ. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಪುಟ್ಟ ಉಪಕರಣ 1851ರಲ್ಲೇ ಬಂತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಂಡುಹಿಡಿದದ್ದು. ಅದರಿಂದ ಕಣ್ಣಿನ ಹಿಂಭಾಗದ ನರ ಊದಿಕೊಂಡಿದೆಯೇ ಎಂದು ಕಣ್ಣಿನ ವೈದ್ಯರು ಕ್ಷಣಾರ್ಧದಲ್ಲಿ ಹೇಳಬಲ್ಲರು. ಊದಿದ್ದರೆ ತಡಮಾಡದೆ ಸ್ಕ್ಯಾನ್ ಆಗಬೇಕು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆಯುವವರೆಗೆ ತಲೆಬುರುಡೆಯನ್ನು ತೆರೆಯದೆ ಒಳಗಿನದನ್ನು ಸ್ಪಷ್ಟವಾಗಿ ನೋಡುವ ದಾರಿಯೇ ಇರಲಿಲ್ಲ. ಇಂದು ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿಗಳಲ್ಲೇ ಸ್ಕ್ಯಾನ್ ಸಿಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಎಂ.ಆರ್.ಐ. ಬೇಕು.

ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ತೆರೆದರು. ಬೆಂಗಳೂರಿನಲ್ಲಿ ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾಗಿದ್ದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್. ಎಂ. ವರ್ಮ ಅವರಿಂದ ಈ ಕೆಲಸ ಆರಂಭವಾಯಿತು. ಕ್ಯಾನ್ಸರಿನ ಮುಂದಿನ ಚಿಕಿತ್ಸೆಗೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಇದೆ. ಇವೆರಡೂ ಹೊಸೂರು ರಸ್ತೆಯ ಆಸುಪಾಸಿನಲ್ಲೇ ಇವೆ. ಆದರೆ ಹುನಗುಂದದಿಂದ ಅಲ್ಲಿಗೆ 400 ಕಿಲೋಮೀಟರಿಗೂ ಹೆಚ್ಚು ದಾರಿ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಅಪಾಯಕಾರಿ ಗಡ್ಡೆ ಮೆಡುಲ್ಲೋಬ್ಲಾಸ್ಟೋಮ. 1925ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೇಲಿ ಇದಕ್ಕೆ ಹೆಸರಿಟ್ಟರು. ಆಗ ಇದು ಬಂದ ಮಕ್ಕಳಲ್ಲಿ ಉಳಿಯುವವರೇ ಅಪರೂಪ. ಇಂದು ಹರಡದೆ ಇರುವ ಸಾಮಾನ್ಯ ಬಗೆಯಲ್ಲಿ, ಪೂರ್ಣ ಚಿಕಿತ್ಸೆ ದೊರೆತರೆ, ಹತ್ತು ಮಕ್ಕಳಲ್ಲಿ ಏಳೆಂಟು ಮಂದಿ ಐದು ವರ್ಷ ದಾಟುತ್ತಾರೆ. ಪೈಲೋಸೈಟಿಕ್ ಆಸ್ಟ್ರೋಸೈಟೋಮ ಎಂಬ ಸೌಮ್ಯ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಬಹುಕಾಲ ಬದುಕುತ್ತಾರೆ.

ಒಂದು ವರ್ಷದ ಲೆಕ್ಕ

ಮೆಡುಲ್ಲೋಬ್ಲಾಸ್ಟೋಮದ ಚಿಕಿತ್ಸೆ ಮೂರು ಮೆಟ್ಟಿಲಿನದು. ಮೊದಲು ಹಲವು ಗಂಟೆಗಳ ಶಸ್ತ್ರಚಿಕಿತ್ಸೆ. ಆಮೇಲೆ ಇಡೀ ಮಿದುಳು, ಬೆನ್ನುಹುರಿಗೆ ವಿಕಿರಣ. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು ಸುಮಾರು 30 ಸಲ. ಅಲುಗಾಡದಂತೆ ಮುಖಕ್ಕೆ ಹೊಂದುವ ಅಚ್ಚು ತೊಡಿಸುತ್ತಾರೆ. ತೀರ ಚಿಕ್ಕ ಮಕ್ಕಳಿಗೆ ಪ್ರತಿ ಸಲವೂ ಮಂಪರು ಬರಿಸಬೇಕು. ಅಂದರೆ ದಿನಾ ಬೆಳಿಗ್ಗೆ ಹಸಿವಿನಿಂದ ಅಳುವ ಮಗುವನ್ನು ತಾಯಿ ಸಮಾಧಾನಪಡಿಸಬೇಕು. ಮೂರು ವರ್ಷದ ಒಳಗಿನ ಕೂಸುಗಳಿಗೆ ಇಂಥ ವಿಕಿರಣವನ್ನು ಸಾಧ್ಯವಾದಷ್ಟು ತಪ್ಪಿಸುತ್ತಾರೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಹೆಚ್ಚು. ಮೂರನೆಯದು ತಿಂಗಳುಗಟ್ಟಲೆಯ ಕಿಮೋಥೆರಪಿ. ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ವರ್ಷ.

ಈ ವರ್ಷದಲ್ಲಿ ಮನೆಯವರನ್ನು ಬೆಚ್ಚಿಬೀಳಿಸುವ ಸಂಗತಿಗಳು ಕೆಲವಿವೆ. ಕಿರುಮಿದುಳಿನ ನಡುಭಾಗದ ಈ ಶಸ್ತ್ರಚಿಕಿತ್ಸೆಯ ನಂತರ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಒಂದೆರಡು ದಿನಗಳಲ್ಲಿ ಮಾತು ನಿಂತುಹೋಗುತ್ತದೆ. ಎಚ್ಚರವಿದ್ದೂ ‘ಅವ್ವಾ’ ಎನ್ನದು. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಮಾತು ಮರಳುತ್ತದೆ. ತುಸು ನಿಧಾನವಾಗಿಯೇ ಉಳಿಯಬಹುದು. ಇದು ಮೊದಲೇ ಗೊತ್ತಿದ್ದರೆ ‘ಆಪರೇಷನ್ ಮಾಡಿಸಿ ಮಗುವನ್ನು ಕೆಡಿಸಿದೆವು’ ಎಂಬ ಸಂಕಟ ಕಡಿಮೆಯಾದೀತು. ಊತ ಇಳಿಸಲು ಕೊಡುವ ಡೆಕ್ಸಾಮೆಥಸೋನ್ ಮಾತ್ರೆಯಿಂದ ಮಗು ನಡುರಾತ್ರಿ ಎದ್ದು ಊಟ ಕೇಳುತ್ತದೆ. ಮುಖ ದುಂಡಗಾಗುತ್ತದೆ. ಸಣ್ಣದಕ್ಕೂ ಸಿಡುಕುತ್ತದೆ. ಇದು ಹಟವಲ್ಲ, ಔಷಧದ ಪರಿಣಾಮ. ಅದನ್ನು ತಾವಾಗಿಯೇ ಒಮ್ಮೆಲೆ ನಿಲ್ಲಿಸುವುದು ಅಪಾಯ. ಕಿಮೋಥೆರಪಿಯ ದಿನಗಳಲ್ಲಿ 100.4 ಡಿಗ್ರಿ ಜ್ವರ ಬಂದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕುದಿಸಿ ಆರಿಸಿದ ನೀರು, ಆಗತಾನೆ ಮಾಡಿದ ರೊಟ್ಟಿ ಪಲ್ಯ, ಬಿಸಿ ಅನ್ನ ಇವು ಸಾಕು. ರಸ್ತೆ ಬದಿಯಲ್ಲಿ ಕತ್ತರಿಸಿಟ್ಟ ಹಣ್ಣು ಬೇಡ.

ನಡುದಾರಿಯಲ್ಲಿ ಬಿಡಬೇಡಿ

ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾದರೆ, ಅನೇಕ ಬಡ ದೇಶಗಳಲ್ಲಿ ಶೇ. 30ನ್ನೂ ಮುಟ್ಟುವುದಿಲ್ಲ. 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ ಶೇ. 60 ಮಕ್ಕಳಾದರೂ ಉಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ಈ ಅಂತರಕ್ಕೆ ತಡವಾದ ಪತ್ತೆ ಒಂದು ಕಾರಣ. ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಇನ್ನೊಂದು.

ಬಿಡುವವರು ನಿರ್ದಯಿಗಳಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದರೆ ಹೊಲದ ಬಿತ್ತನೆ ತಪ್ಪುತ್ತದೆ. ಇಳಕಲ್ಲಿನ ಮಗ್ಗದಲ್ಲೋ ಗ್ರಾನೈಟ್ ಗಣಿಯಲ್ಲೋ ದುಡಿಯುವವನಿಗೆ ಕೆಲಸಕ್ಕೆ ಹೋಗದ ದಿನ ಕೂಲಿ ಇಲ್ಲ. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರು ಯಾರು? ಗಡ್ಡೆ ತೆಗೆದ ಮೇಲೆ ಮಗು ಗೆಲುವಾಗಿ ಕಂಡಾಗ ‘ಇನ್ನು ಸಾಕು’ ಅನಿಸುವುದೂ ಸಹಜ. ಆದರೆ ಕಣ್ಣಿಗೆ ಕಾಣದೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಎರಡನೆಯ ಸಲ ಗೆಲ್ಲುವುದು ಬಹು ಕಷ್ಟ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2009ರಲ್ಲಿ ಶೇ. 20ರಷ್ಟು ಮಕ್ಕಳು ಚಿಕಿತ್ಸೆ ನಿರಾಕರಿಸುತ್ತಿದ್ದರು ಅಥವಾ ನಡುವೆ ಬಿಡುತ್ತಿದ್ದರು. ತಂಗಲು ಜಾಗ, ಊಟ, ಹಣದ ನೆರವು, ಬಿಟ್ಟುಹೋದವರನ್ನು ಫೋನ್ ಮಾಡಿ ಕರೆಯುವ ಏರ್ಪಾಡು ಇವುಗಳಿಂದ ಆ ಪ್ರಮಾಣ ಶೇ. 5ರ ಆಸುಪಾಸಿಗೆ ಇಳಿಯಿತು.

ನಮ್ಮಲ್ಲೂ ದಾರಿಗಳಿವೆ. 2018ರಲ್ಲಿ ಬಂದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇವನ್ನು ಹೊರಡುವ ದಿನವೇ ಚೀಲದಲ್ಲಿಟ್ಟುಕೊಳ್ಳಬೇಕು. ಕ್ಯಾನ್ಸರ್ ರೋಗಿಗೂ ಜತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಅವ್ವ, ಅಜ್ಜಿಯರಿಗೆ ಸಾಮಾನ್ಯ ಸರಕಾರಿ ಬಸ್ಸಿನ ಖರ್ಚಿಲ್ಲ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕಾಣುವುದು ಜಾಣತನ. ಬಡ್ಡಿಸಾಲ, ಹೊಲ ಮಾರಾಟದ ಮಾತು ಅದಕ್ಕೆ ಮುನ್ನ ಬರಬಾರದು.

ಮೌನದ ಭಾರ

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಹೆಸರು ಗೊತ್ತಿಲ್ಲದ ವಿದ್ಯಾರ್ಥಿ ಇಲ್ಲ. ಅವರಿಗೆ ಕ್ಯಾರೆನ್ ಎಂಬ ಪುಟ್ಟ ಮಗಳಿದ್ದಳೆಂಬುದು ಬಹಳ ಮಂದಿಗೆ ಗೊತ್ತಿಲ್ಲ. 1961ರ ಬೇಸಿಗೆಯಲ್ಲಿ ಆಡುತ್ತ ಬಿದ್ದ ಮಗುವಿನ ಕಣ್ಣಿನಲ್ಲಿ ವ್ಯತ್ಯಾಸ ಕಂಡಿತು. ಮಿದುಳು ಕಾಂಡದಲ್ಲಿ ಗಡ್ಡೆ ಇತ್ತು. ಬಿದ್ದದ್ದು ಅದಕ್ಕೆ ಕಾರಣವಲ್ಲ. ವಿಕಿರಣ ಚಿಕಿತ್ಸೆಯಿಂದ ಸ್ವಲ್ಪ ಕಾಲ ಚೇತರಿಸಿಕೊಂಡ ಆಕೆ 1962ರ ಜನವರಿ 28ರಂದು ತೀರಿಕೊಂಡಳು. ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅಂದು ತಂದೆತಾಯಿಯ ಮದುವೆಯ ವಾರ್ಷಿಕ ದಿನ. ಆರ್ಮ್‌ಸ್ಟ್ರಾಂಗ್ ಬೇಗನೆ ಕೆಲಸಕ್ಕೆ ಮರಳಿದರು. ಅದೇ ವರ್ಷ ಗಗನಯಾತ್ರಿಯಾಗಿ ಆಯ್ಕೆಯಾದರು. ಮಗಳ ವಿಷಯ ಮಾತ್ರ ಎತ್ತಲಿಲ್ಲ. ಜತೆಗಾರರಲ್ಲಿ ಕೆಲವರಿಗೆ ಅವಳಿದ್ದ ಸಂಗತಿಯೇ ತಿಳಿದಿರಲಿಲ್ಲ.

ಮಿದುಳು ಕಾಂಡದ ಈ ಬಗೆಯ ಗಡ್ಡೆಗೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ವಿಕಿರಣ ಕೆಲವು ತಿಂಗಳ ನೆಮ್ಮದಿ ಕೊಡುತ್ತದೆ. ಅಂಥ ಹೊತ್ತಿನಲ್ಲಿ ವೈದ್ಯರು ‘ಮಾಡುವುದೇನೂ ಇಲ್ಲ’ ಎಂದರೆಂದು ಕುಟುಂಬ ಕಂಗೆಡಬೇಕಿಲ್ಲ. ನೋವಿಲ್ಲದಂತೆ, ಉಸಿರಾಟ ಸಲೀಸಾಗುವಂತೆ ನೋಡಿಕೊಳ್ಳುವುದು ಕೂಡ ಚಿಕಿತ್ಸೆಯೇ. ಅದನ್ನು ಕೇಳಿ ಪಡೆಯುವ ಹಕ್ಕು ಪ್ರತಿ ಮಗುವಿಗೂ ಇದೆ.

ನಮ್ಮ ಕಡೆಯ ಅಪ್ಪಂದಿರದೂ ಹೆಚ್ಚುಕಡಿಮೆ ಇದೇ ರೀತಿ. ಗಂಡಸು ಅಳಬಾರದು, ಅವ್ವನ ಮುಂದೆ ಹೇಳಬಾರದು, ಮಗುವಿಗಂತೂ ತಿಳಿಯಲೇಬಾರದು. ಆದರೆ ಮಕ್ಕಳಿಗೆ ತಿಳಿಯುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳ ಜತೆ ಕಾಲ ಕಳೆದು 1978ರಲ್ಲಿ ಪುಸ್ತಕ ಬರೆದರು. ದೊಡ್ಡವರು ಯಾರೂ ಹೇಳದಿದ್ದರೂ ತಮ್ಮ ಸ್ಥಿತಿ ಏನೆಂಬುದು ಆ ಎಳೆಯರಿಗೆ ಗೊತ್ತಿತ್ತು. ದೊಡ್ಡವರಿಗೆ ನೋವಾದೀತೆಂದು ತಾವೂ ಸುಮ್ಮನಿದ್ದರು. ವಯಸ್ಸಿಗೆ ತಕ್ಕ ಮಾತಿನಲ್ಲಿ ನಿಜ ಹೇಳಿದರೆ ಮಗುವಿನ ಭಯ ಇಳಿಯುತ್ತದೆ. ‘ನಿನ್ನ ತಲಿಯೊಳಗ ಒಂದು ಗಂಟು ಐತಿ, ಡಾಕ್ಟರು ತಗೀತಾರ, ನಾನು ಬಾಜೂಕ ಇರತೇನಿ’ ಎಂಬಷ್ಟು ಸಾಕು.

ಮನೆಯಲ್ಲಿ ಉಳಿದ ಅಣ್ಣ, ತಂಗಿಯರ ಗೋಳು ಬೇರೆ. ಅವ್ವ ತಿಂಗಳುಗಟ್ಟಲೆ ಕಾಣುವುದಿಲ್ಲ. ಬಂದವರೆಲ್ಲ ಕೇಳುವುದು ರೋಗಿಯ ವಿಷಯವನ್ನೇ. ‘ನಾನು ಅಂದು ತಳ್ಳಿದ್ದಕ್ಕೇ ಹೀಗಾಯಿತೇ?’ ಎಂದು ಒಳಗೊಳಗೇ ಕೊರಗುವ ಮಕ್ಕಳೂ ಉಂಟು. ದಿನಕ್ಕೊಮ್ಮೆ ಫೋನಿನಲ್ಲಿ ಅವರ ಶಾಲೆಯ ಸುದ್ದಿಯನ್ನು ಮಾತ್ರ ಕೇಳುವ ಐದು ನಿಮಿಷ ಅವರಿಗೆ ದೊಡ್ಡ ಆಸರೆ.

ಮತ್ತೆ ತರಗತಿಗೆ

ಅಮೆರಿಕದ ಪತ್ರಕರ್ತ ಜಾನ್ ಗುಂಥರ್ ಅವರ ಮಗ ಜಾನಿಗೆ 1946ರಲ್ಲಿ ಮಿದುಳಿನ ಗಡ್ಡೆ ಕಂಡಿತು. ಆಗ ಅವನಿಗೆ ಹದಿನಾರು ವರ್ಷ. ಶಸ್ತ್ರಚಿಕಿತ್ಸೆಗಳ ನಡುವೆಯೇ ಓದಿ, ಪರೀಕ್ಷೆ ಬರೆದು, 1947ರ ಜೂನ್‌ನಲ್ಲಿ ತಲೆಗೆ ಕಟ್ಟಿದ ಪಟ್ಟಿಯೊಂದಿಗೆ ಶಾಲೆಯ ಪದವಿ ಸಮಾರಂಭದಲ್ಲಿ ಸಹಪಾಠಿಗಳ ಜತೆ ನಡೆದ. ಅದೇ ತಿಂಗಳ ಕೊನೆಗೆ ತೀರಿಕೊಂಡ. ತಂದೆ 1949ರಲ್ಲಿ ಅವನ ಕಥೆಯನ್ನು ಪುಸ್ತಕವಾಗಿಸಿದರು. ಕಾಯಿಲೆಯ ಮಗುವಿಗೆ ಶಾಲೆ ಎಂಬುದು ಹೊರೆಯಲ್ಲ, ‘ನಾನೂ ಎಲ್ಲರಂತೆ’ ಎಂಬ ಭರವಸೆ ಎನ್ನಲು ಇದಕ್ಕಿಂತ ನಿದರ್ಶನ ಬೇಡ.

ಇಂದು ಬದುಕಿ ಮರಳುವ ಮಕ್ಕಳು ಎಷ್ಟೋ ಹೆಚ್ಚು. ಆದರೆ ಅವರು ಹೋದಾಗ ಇದ್ದಂತೆಯೇ ಬರುವುದಿಲ್ಲ. ಕೂದಲು ಉದುರಿರುತ್ತದೆ. ನಡಿಗೆ ನಿಧಾನ. ಸಿಸ್ಪ್ಲಾಟಿನ್ ಔಷಧದಿಂದ ಕಿವಿ ಮಂದವಾಗಿರಬಹುದು. ವಿಕಿರಣದ ಪರಿಣಾಮವಾಗಿ ಎತ್ತರ ಕಡಿಮೆಯಾಗಬಹುದು. ನೆನಪು, ಏಕಾಗ್ರತೆ, ಲೆಕ್ಕ ಬಿಡಿಸುವ ವೇಗ ಕುಗ್ಗಬಹುದು. ಬುದ್ಧಿ ಇದೆ, ಆದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಮೊದಲ ಸಾಲಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಬೋರ್ಡಿನ ಟಿಪ್ಪಣಿಯನ್ನು ಬರೆದುಕೊಡುವುದು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು ಇವಕ್ಕೆ ಹಣ ಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಪ್ರಮಾಣಪತ್ರ ಪಡೆದವರಿಗೆ ಬರೆಯಲು ಸಹಾಯಕರೂ ಸಿಗುತ್ತಾರೆ.

ಸಹಪಾಠಿಗಳ ಪಾಲೂ ಇದೆ. ಬೋಳುತಲೆ ಕಂಡು ನಗಬಾರದು, ಮುಟ್ಟಿದರೆ ಅಂಟುತ್ತದೆಂದು ದೂರ ಸರಿಯಬಾರದು. ತರಗತಿಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆ, ದಡಾರ ಕಂಡರೆ ಆ ಮಗುವಿನ ಮನೆಗೆ ಅದೇ ದಿನ ಸುದ್ದಿ ಮುಟ್ಟಿಸಬೇಕು. ಕಿಮೋಥೆರಪಿಯಲ್ಲಿರುವ ಮಗುವಿಗೆ ಅವು ಪ್ರಾಣಾಂತಿಕವಾಗಬಲ್ಲವು. ಮಗು ಬೆಂಗಳೂರಿನಲ್ಲಿರುವಾಗ ಒಂದು ಕಾಗದ, ಒಂದು ಚಿತ್ರ ಕಳಿಸುವುದು ಎಂಟು ವರ್ಷದ ಗೆಳೆಯನ ಕೈಯಲ್ಲೂ ಆಗುವ ಕೆಲಸ. ಅಷ್ಟು ದಿನವೂ ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕದೆ ಉಳಿಸಿಕೊಳ್ಳುವುದು ಶಾಲೆಯ ಕೆಲಸ.

ನೆನಪಿಡಬೇಕಾದ ಲಕ್ಷಣಗಳು

• ಎರಡು ವಾರಕ್ಕೂ ಮೀರಿದ ವಾಂತಿ, ಅದರಲ್ಲೂ ಬೆಳಗಿನ ಹೊತ್ತು
• ನಾಲ್ಕು ವಾರಕ್ಕೂ ಮೀರಿದ ತಲೆನೋವು, ನಿದ್ದೆಯಿಂದ ಎಬ್ಬಿಸುವ ತಲೆನೋವು
• ತೂರಾಡುವ ನಡಿಗೆ, ಕೈನಡುಕ, ಕೆಡುತ್ತಿರುವ ಅಕ್ಷರ
• ಹೊಸದಾಗಿ ಬಂದ ಮೆಳ್ಳೆಗಣ್ಣು, ಮಂಜಾದ ಅಥವಾ ಎರಡಾಗಿ ಕಾಣುವ ದೃಷ್ಟಿ
• ಸದಾ ಒಂದೇ ಕಡೆಗೆ ವಾಲಿದ ತಲೆ
• ಜ್ವರವಿಲ್ಲದೆ ಬರುವ ಫಿಟ್ಸ್
• ಹಸುಗೂಸಿನ ತಲೆ ಅತಿ ಬೇಗ ದೊಡ್ಡದಾಗುವುದು
• ಕಾರಣವಿಲ್ಲದ ಮಂಕು, ಸ್ವಭಾವದಲ್ಲಿ ಬದಲಾವಣೆ

ಇವುಗಳಲ್ಲಿ ಒಂದು ಕಂಡರೆ ವೈದ್ಯರಿಗೆ ತೋರಿಸಿ. ಎರಡು ಒಟ್ಟಿಗೆ ಕಂಡರೆ ತಡಮಾಡದೆ ಹೋಗಿ ಸ್ಕ್ಯಾನ್ ಬೇಕೇ ಎಂದು ಕೇಳಿ. ಹೆಚ್ಚಿನ ಸಲ ‘ಏನೂ ಇಲ್ಲ’ ಎಂಬ ಉತ್ತರವೇ ಬರುತ್ತದೆ. ಆ ಉತ್ತರಕ್ಕಾಗಿ ಹೋಗಿಬಂದ ದಾರಿ ವ್ಯರ್ಥವಲ್ಲ.